ತುಂಗಾ–ಭದ್ರೆಯರ ನಡುವಣ ಅಪೂರ್ವ ಪಕ್ಷಿಗಳು

ಶೃಂಗೇರಿಯನ್ನು ಕಾಣದ ಕನ್ನಡ ಕುಟುಂಬ ಅಪರೂಪ. ಬೇಸಗೆಯ ರಜೆಯಲ್ಲೋ ನವರಾತ್ರಿಯ ದಿನಗಳಲ್ಲೋ ಮಕ್ಕಳುಮರಿಗಳೊಡನೆ ಬಸ್ಸಿನಿಂದಿಳಿದು, ಶಾರದಾಂಬೆಯ ದರ್ಶನ ಮಾಡಿ, ವಿದ್ಯಾಶಂಕರ ದೇವಾಲಯದ ಕಲ್ಲಿನ ಕೆಲಸವನ್ನು ಕಣ್ತುಂಬ ನೋಡಿ, ತುಂಗೆಯ ಮೆಟ್ಟಿಲ ಮೇಲೆ ಕುಳಿತು ಮೀನುಗಳ ಆಟಕ್ಕೆ ಬೆರಗಾಗಿ, ಮಠದ ಊಟವನ್ನು ಮುಗಿಸಿ ಸಂಜೆಯ ಬಸ್ಸಿಗೆ ಹಿಂದಿರುಗುವುದು ನಮ್ಮ ವಾಡಿಕೆ. ದೇವರನ್ನು ನೋಡಿದ್ದಾಯಿತು, ನದಿಯನ್ನು ನೋಡಿದ್ದಾಯಿತು, ಮೀನನ್ನು ನೋಡಿದ್ದಾಯಿತು. ಆದರೆ ಆಚೆಯ ದಡದ ಮರಗಳ ಕಡೆಗೆ ತಲೆಯೆತ್ತಿ ನೋಡಿದವರೆಷ್ಟು ಮಂದಿ? ಆ ಮರಗಳಲ್ಲಿ ಕುಳಿತಿರಬಹುದಾದ ಒಂದೊಂದು ಹಕ್ಕಿಯನ್ನು ಕಾಣಲು ಸಾವಿರಾರು ಮೈಲಿ ದೂರದಿಂದ, ಹೆಗಲಿಗೆ ದುರ್ಬೀನು ತೂಗಿಕೊಂಡು ಬರುವ ಜನರಿದ್ದಾರೆ ಎಂದರೆ ನಮ್ಮ ಯಾತ್ರಿಕರಿಗೆ ಆಶ್ಚರ್ಯವಾದೀತು.

ಚಿಕ್ಕಮಗಳೂರು ಜಿಲ್ಲೆಯ ಪಶ್ಚಿಮಕ್ಕಿರುವ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಎಂಬ ಮೂರು ತಾಲ್ಲೂಕುಗಳು ಒಂದಕ್ಕೊಂದು ಅಂಟಿಕೊಂಡಿವೆ. ಪಶ್ಚಿಮಘಟ್ಟದ ನೆತ್ತಿಯಲ್ಲಿ ಹುಟ್ಟಿದ ತುಂಗೆ ಶೃಂಗೇರಿಯನ್ನೂ ಹರಿಹರಪುರವನ್ನೂ ಮುಟ್ಟಿ ತೀರ್ಥಹಳ್ಳಿಯ ಕಡೆಗೆ ಹರಿಯುತ್ತಾಳೆ. ಅವಳೊಡನೆಯೇ ಹುಟ್ಟಿದ ಭದ್ರೆ ಬಾಳೆಹೊನ್ನೂರನ್ನು ಬಳಸಿಕೊಂಡು ಬಂದು, ಹಿಂದೆ ಎಡೇಹಳ್ಳಿ ಎಂಬ ಹೆಸರಿದ್ದ ನರಸಿಂಹರಾಜಪುರದ ಬಳಿ ಜಲಾಶಯದ ಹಿನ್ನೀರಾಗಿ ವಿಸ್ತರಿಸುತ್ತಾಳೆ. ನಡುವೆ ಅಡಕೆಯ ತೋಟಗಳು, ಕಾಫಿಯ ತೋಟಗಳು, ಗದ್ದೆಯ ಬಯಲುಗಳು, ಸೊಪ್ಪಿನಬೆಟ್ಟಗಳು, ಮತ್ತು ಇವೆಲ್ಲದರ ಬೆನ್ನಿಗೆ ದಟ್ಟವಾದ ಕಾಡು. ಕಡಲು ಈ ನಾಡಿಗೆ ಹತ್ತಿರವೇ ಆದರೂ ಘಟ್ಟದ ಗೋಡೆಯ ಆಚೆಗಿದೆ. ಇದು ಅಪ್ಪಟ ಒಳನಾಡು. ಇಲ್ಲಿಗೆ ವಿರಳವಾದ ಹಕ್ಕಿಗಳು ಎಲ್ಲಿಂದ ಬಂದಾವು?

ವಿರಳ ಎಂಬ ಮಾತಿಗೆ ಮೂರು ಅರ್ಥಗಳಿವೆ. ಒಂದು, ದೂರದೇಶದಿಂದ ಬಂದು ಕೆಲವು ದಿನ ಅಥವಾ ಕೆಲವು ತಿಂಗಳು ಮಾತ್ರ ನಿಂತು ಹೋಗುವ ಅತಿಥಿ. ಎರಡು, ಇಲ್ಲೇ ಹುಟ್ಟಿ ಇಲ್ಲೇ ಸಾಯುವುದಾದರೂ ಪ್ರಪಂಚದ ಬೇರೆಡೆಗಳಲ್ಲಿ ಕಾಣದ, ಅಥವಾ ಬೇರೆಡೆಗಳಲ್ಲಿ ನಶಿಸುತ್ತ ಬಂದ ಹಕ್ಕಿ. ಮೂರು, ಸಂಖ್ಯೆಯಲ್ಲಿ ಅಷ್ಟೇನೂ ಕಡಿಮೆಯಿಲ್ಲದಿದ್ದರೂ ಮನುಷ್ಯನ ಕಣ್ಣಿಗೆ ಬೀಳದಂತೆ ಬದುಕುವ ಕಲೆಯನ್ನು ಬಲ್ಲ ಹಕ್ಕಿ. ನಮ್ಮ ಮೂರು ತಾಲ್ಲೂಕುಗಳಲ್ಲಿ ಈ ಮೂರು ಬಗೆಯವೂ ಉಂಟು.

ಇಂಗ್ಲೆಂಡಿನ ಒಂದು ಪಾಠ

ಹಕ್ಕಿಗಳ ಲೆಕ್ಕವಿಡುವ ಹವ್ಯಾಸದಲ್ಲಿ ಇಂಗ್ಲಿಷರನ್ನು ಮೀರಿಸಿದವರು ಕಡಿಮೆ. ಅಲ್ಲಿ ಪ್ರತಿಯೊಂದು ಕೌಂಟಿಗೂ, ಎಂದರೆ ಜಿಲ್ಲೆಗೂ, ತನ್ನದೇ ಆದ ಪಕ್ಷಿಗಳ ಪಟ್ಟಿಯುಂಟು. ಸಮುದ್ರತೀರವಿರುವ ಜಿಲ್ಲೆಗಳಿಗೆ ಬಿರುಗಾಳಿಯೇ ಹೊಸ ಹೊಸ ಅತಿಥಿಗಳನ್ನು ತಂದೊಪ್ಪಿಸುತ್ತದೆ. ಒಳನಾಡಿನ ಜಿಲ್ಲೆಗಳಿಗೆ ಆ ಭಾಗ್ಯವಿಲ್ಲ. ಆದುದರಿಂದಲೇ ಅಲ್ಲಿಯ ಹವ್ಯಾಸಿಗಳು ಒಂದು ಕೆರೆಯನ್ನೂ ಒಂದು ಜೌಗನ್ನೂ ಬಿಡದೆ ಕಾಯುತ್ತಾರೆ.

ರಟ್‌ಲೆಂಡ್ ಎಂಬುದು ಇಂಗ್ಲೆಂಡಿನ ಅತಿ ಚಿಕ್ಕ ಜಿಲ್ಲೆಗಳಲ್ಲೊಂದು. ನಾಲ್ಕೂ ಕಡೆ ನೆಲವೇ. 1970ರ ದಶಕದಲ್ಲಿ ಕುಡಿಯುವ ನೀರಿಗಾಗಿ ಅಲ್ಲಿ ಒಂದು ದೊಡ್ಡ ಜಲಾಶಯವನ್ನು ನಿರ್ಮಿಸಿದರು. ಆಸ್‌ಪ್ರೇ ಎಂಬ ಮೀನುಹಿಡುಕ ಗಿಡುಗ ಇಂಗ್ಲೆಂಡಿನಲ್ಲಿ ಗೂಡುಕಟ್ಟುವುದನ್ನು ಹತ್ತೊಂಬತ್ತನೆಯ ಶತಮಾನದಲ್ಲಿಯೇ ನಿಲ್ಲಿಸಿಬಿಟ್ಟಿತ್ತು. 1996ರಲ್ಲಿ ಪಕ್ಷಿಪ್ರಿಯರು ಸ್ಕಾಟ್‌ಲೆಂಡಿನಿಂದ ಅದರ ಮರಿಗಳನ್ನು ತಂದು ಈ ಜಲಾಶಯದ ದಡದಲ್ಲಿ ಸಾಕಿ ಹಾರಿಬಿಡತೊಡಗಿದರು. ಮರಿಗಳು ಚಳಿಗಾಲಕ್ಕೆ ಆಫ್ರಿಕದ ಪಶ್ಚಿಮತೀರಕ್ಕೆ ಹೋದುವು; ಬದುಕುಳಿದವು ದೊಡ್ಡವಾಗಿ ತಾವು ಬೆಳೆದ ನೀರಿಗೇ ಹಿಂದಿರುಗಿದುವು. 2001ರಲ್ಲಿ ಅಲ್ಲಿ ಮೊದಲ ಸಂಸಾರ ಹೂಡಿ ಮರಿಮಾಡಿದುವು. ಮನುಷ್ಯ ತನ್ನ ಅನುಕೂಲಕ್ಕೆಂದು ಕಟ್ಟಿದ ಜಲಾಶಯ ಹಕ್ಕಿಗೂ ಮನೆಯಾದ ಕಥೆ ಇದು.

ಇಂಥದೇ ಕಥೆ, ಯಾವ ಯೋಜನೆಯ ನೆರವೂ ಇಲ್ಲದೆ, ನಮ್ಮ ಭದ್ರೆಯಲ್ಲಿ ನಡೆದಿದೆ.

ಹಿನ್ನೀರಿನ ನಡುಗಡ್ಡೆಗಳಲ್ಲಿ

ಲಕ್ಕವಳ್ಳಿಯ ಬಳಿ ಭದ್ರೆಗೆ ಕಟ್ಟಿದ ಅಣೆಕಟ್ಟು 1960ರ ದಶಕದಲ್ಲಿ ಪೂರ್ಣವಾಯಿತು. ನೀರು ಹಿಂದೆ ಸರಿದು ಕಣಿವೆಗಳನ್ನು ತುಂಬಿತು. ಕಾಡು ಮುಳುಗಿತು, ಹೊಲಗದ್ದೆಗಳು ಮುಳುಗಿದುವು, ಜನ ಊರು ಬಿಟ್ಟರು. ಬೆಟ್ಟಗಳ ನೆತ್ತಿಗಳು ಮಾತ್ರ ನೀರಿನ ನಡುವೆ ದ್ವೀಪಗಳಂತೆ ಉಳಿದುವು. ಮಳೆಗಾಲದಲ್ಲಿ ತುಂಬಿ ನಿಂತ ನೀರನ್ನು ಬಯಲುಸೀಮೆಯ ನಾಲೆಗಳಿಗೆ ಬಿಡುತ್ತ ಬಂದಂತೆಲ್ಲ, ಮಾಘ ಫಾಲ್ಗುಣಗಳ ಹೊತ್ತಿಗೆ ಹಿನ್ನೀರು ತಗ್ಗಿ, ಕಲ್ಲುಮಣ್ಣಿನ ಬೋಳು ನಡುಗಡ್ಡೆಗಳು ಒಂದೊಂದಾಗಿ ತಲೆಯೆತ್ತುತ್ತವೆ.

ಆ ಬೋಳು ನೆಲವನ್ನು ತಮ್ಮದಾಗಿ ಮಾಡಿಕೊಳ್ಳುವುವು ನದಿ ರೀವಗಳು. ರೀವ ಎಂದರೆ ಕಡಲಕಾಗೆಯ ದಾಯಾದಿ. ಇದರ ಬಂಧುಗಳಲ್ಲಿ ಬಹುಪಾಲು ಸಮುದ್ರವನ್ನೇ ನಂಬಿದವು. ಇದಾದರೋ ಸಿಹಿನೀರಿನ ನದಿಯನ್ನು ಆರಿಸಿಕೊಂಡಿದೆ. ಬೂದುಬಣ್ಣದ ಬೆನ್ನು, ಬಿಳಿಯ ಹೊಟ್ಟೆ, ಅರಿಸಿನದ ಕೊಂಬಿನಂಥ ಹಳದಿ ಕೊಕ್ಕು, ಕೆಂಪು ಕಾಲು, ಕವಲೊಡೆದ ನೀಳವಾದ ಬಾಲ; ಮರಿಮಾಡುವ ಕಾಲದಲ್ಲಿ ತಲೆಯ ಮೇಲೆ ಕರಿಯ ಟೊಪ್ಪಿಗೆ. ನೀರಿನ ಮೇಲೆ ತೇಲುವಂತೆ ಹಾರುತ್ತ, ಒಮ್ಮೆಗೇ ರೆಕ್ಕೆಮಡಿಸಿ ಧುಮುಕಿ, ಮೀನನ್ನು ಕಚ್ಚಿಕೊಂಡು ಮೇಲೇಳುವ ಅದರ ನೈಪುಣ್ಯ ನೋಡತಕ್ಕದ್ದು.

ಗೂಡೆಂದರೆ ಬೇರೇನೂ ಇಲ್ಲ. ಬರಿ ನೆಲದಲ್ಲಿ ಒಂದು ಕುಳಿ. ಅದರಲ್ಲಿ ಎರಡು ಮೂರು ಮೊಟ್ಟೆ. ನೆರಳೆಂಬುದು ಲವಲೇಶವೂ ಇಲ್ಲದ ಆ ದಿಣ್ಣೆಯ ಮೇಲೆ, ಚೈತ್ರ ವೈಶಾಖಗಳ ಬಿಸಿಲಿನಲ್ಲಿ, ತಾಯಿತಂದೆಗಳು ಸರದಿಯ ಮೇಲೆ ಕುಳಿತು ಮೊಟ್ಟೆಗೆ ತಮ್ಮ ಮೈಯನ್ನೇ ಕೊಡೆಯಾಗಿ ಹಿಡಿಯುತ್ತವೆ. ಬಿಸಿಲಿಗೆ ಬಸವಳಿದ ಕಪ್ಪೆಗೆ ಸರ್ಪ ಹೆಡೆಯ ನೆರಳು ಕೊಟ್ಟ ಐತಿಹ್ಯವನ್ನು ಶೃಂಗೇರಿಯಲ್ಲಿ ಕೇಳಿದವರು ಭದ್ರೆಯ ಹಿನ್ನೀರಿನಲ್ಲಿ ಈ ದೃಶ್ಯವನ್ನು ಕಂಡರೆ ತಲೆದೂಗದಿರಲಾರರು.

ಬೇಸಗೆಯಲ್ಲಿ ಈ ನಡುಗಡ್ಡೆಗಳಲ್ಲಿ ನೆರೆಯುವ ರೀವಗಳು ಸಾವಿರಗಳ ಲೆಕ್ಕದಲ್ಲಿರುತ್ತವೆ. ಹಾಗಾದರೆ ವಿರಳವೆನ್ನುವುದು ಹೇಗೆ ಎಂದು ಕೇಳಬಹುದು. ನಮ್ಮ ದೇಶದ ದೊಡ್ಡ ನದಿಗಳ ಮರಳದಿಣ್ಣೆಗಳೇ ಇವುಗಳ ಹಳೆಯ ಮನೆಗಳು. ಮರಳು ತೆಗೆಯುವ ಕೆಲಸದಿಂದಲೂ, ಅಣೆಕಟ್ಟುಗಳಿಂದ ಹೊತ್ತಲ್ಲದ ಹೊತ್ತಿನಲ್ಲಿ ನುಗ್ಗುವ ನೀರಿನಿಂದಲೂ, ನಾಯಿಗಳ ಕಾಟದಿಂದಲೂ ಆ ಮನೆಗಳು ಹಾಳಾಗುತ್ತಿವೆ. ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಸಂಘದ ಪಟ್ಟಿಯಲ್ಲಿ 2020ರಿಂದ ನದಿ ರೀವ ಅಪಾಯಕ್ಕೆ ಸಿಲುಕಿದ ಪಕ್ಷಿಗಳ ಸಾಲಿಗೆ ಸೇರಿದೆ. ಒಂದೆಡೆ ಕಳೆದುಕೊಂಡ ನೆಲೆಯನ್ನು ಹಕ್ಕಿ ಇನ್ನೊಂದೆಡೆ ಹುಡುಕಿಕೊಂಡಿದೆ. ಆದರೆ ಈ ಹೊಸ ಮನೆಯ ಬೀಗದ ಕೈ ಮನುಷ್ಯನಲ್ಲಿದೆ. ನೀರು ತೀರ ಇಳಿದರೆ ನಡುಗಡ್ಡೆ ದಡಕ್ಕೆ ಕೂಡಿಕೊಂಡು ನರಿನಾಯಿಗಳಿಗೆ ದಾರಿಯಾಗುತ್ತದೆ. ಮರಿಗಳಿಗೆ ರೆಕ್ಕೆ ಬಲಿಯುವ ಮುನ್ನವೇ ಏರಿದರೆ ಗೂಡು ನೀರುಪಾಲು.

ಚಳಿಗಾಲದಲ್ಲಿ ಇದೇ ಹಿನ್ನೀರಿಗೆ ಉತ್ತರದೇಶಗಳಿಂದ ಆಸ್‌ಪ್ರೇಯೂ ಬರುತ್ತದೆ. ರಟ್‌ಲೆಂಡಿನವರು ಹರಕೆ ಹೊತ್ತಂತೆ ಕಾದು ಪಡೆದ ಹಕ್ಕಿ ನಮ್ಮಲ್ಲಿಗೆ ಕರೆಯದೆಯೇ ಬಂದು ಹೋಗುತ್ತಿದೆ.

ಕಾಡಿನ ದೊಡ್ಡ ಯಜಮಾನ

ಶೃಂಗೇರಿಯಿಂದ ಕೆರೆಕಟ್ಟೆಯ ಕಡೆಗೆ ಹೊರಟರೆ ದಾರಿ ಕುದುರೆಮುಖ ರಾಷ್ಟ್ರೀಯ ಉದ್ಯಾನದ ಕಾಡನ್ನು ಹೊಗುತ್ತದೆ. 1987ರಲ್ಲಿ ಘೋಷಿತವಾದ ಈ ಉದ್ಯಾನ, 2012ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಪಶ್ಚಿಮಘಟ್ಟದ ತಾಣಗಳಲ್ಲಿ ಒಂದು. ಇಲ್ಲಿ ಬೆಳಗಿನ ಹೊತ್ತು ನಿಂತು ಆಲಿಸಿದರೆ, ಅದೃಷ್ಟವಿದ್ದವರಿಗೆ, ದೂರದಲ್ಲಿ ಉಗಿಬಂಡಿ ಹೊರಟಂತೆ ಬುಸ್ ಬುಸ್ ಎಂಬ ಸದ್ದು ಕೇಳುತ್ತದೆ. ಕಾಡಿನಲ್ಲಿ ರೈಲೆಲ್ಲಿಂದ ಬಂತು ಎಂದು ಬೆರಗಾಗುವಷ್ಟರಲ್ಲಿ ಮರಗಳ ತಲೆಯ ಮೇಲೆ ದೊಡ್ಡದೊಂದು ಹಕ್ಕಿ ಹಾರಿಹೋಗುತ್ತದೆ. ಅದೇ ದಾಸ ಮಂಗಟ್ಟೆ.

ಕೊಕ್ಕಿನಿಂದ ಬಾಲದ ತುದಿಯವರೆಗೆ ಮೂರು ಅಡಿಗೂ ಮೇಲ್ಪಟ್ಟ ಉದ್ದ. ಬಿಚ್ಚಿದ ರೆಕ್ಕೆಗಳ ಹರವು ಸುಮಾರು ಐದು ಅಡಿ. ಬಾಗಿದ ಭಾರಿ ಕೊಕ್ಕಿನ ಮೇಲೆ ಹಳದಿ ಬಣ್ಣದ ಇನ್ನೊಂದು ಕೊಂಬು ಕಿರೀಟದಂತೆ ಕುಳಿತಿರುತ್ತದೆ. ಕರ್ನಾಟಕದಲ್ಲಿ ನಾಲ್ಕು ಜಾತಿಯ ಮಂಗಟ್ಟೆಗಳುಂಟು. ಅವುಗಳಲ್ಲಿ ಇದು ದೊಡ್ಡಣ್ಣ. ಕಿರಿಯದಾದ ಮಲೆ ಮಂಗಟ್ಟೆಗೆ ತಲೆಯ ಮೇಲೆ ಕಿರೀಟವಿಲ್ಲ. ಅದು ಪಶ್ಚಿಮಘಟ್ಟವನ್ನು ಬಿಟ್ಟು ಪ್ರಪಂಚದಲ್ಲಿ ಮತ್ತೆಲ್ಲಿಯೂ ಇಲ್ಲ. ಕೊಪ್ಪದ ತೋಟಗಳಲ್ಲಿ ಅದರ ಕರ್ಕಶವಾದ ನಗೆಯನ್ನು ದಿನವೂ ಕೇಳುವ ಮನೆಯವರಿಗೆ ತಾವು ಎಂಥ ವಿರಳ ಹಕ್ಕಿಯ ನೆರೆಯವರೆಂಬುದು ತಿಳಿಯದೆಯೇ ಇರಬಹುದು.

ಮಂಗಟ್ಟೆಯ ಸಂಸಾರಧರ್ಮ ಕಥೆಗಾರರ ಕಲ್ಪನೆಯನ್ನೂ ಮೀರಿಸುವಂಥದು. ಹಳೆಯ ಹೆಮ್ಮರದ ಪೊಟರೆಯೊಳಕ್ಕೆ ಹೆಣ್ಣು ಸೇರಿಕೊಂಡು, ತನ್ನ ಹಿಕ್ಕೆಯನ್ನೇ ಗಾರೆಯಾಗಿ ಮೆತ್ತಿ ಬಾಗಿಲನ್ನು ಮುಚ್ಚಿಬಿಡುತ್ತದೆ. ಕೊಕ್ಕಿನ ತುದಿ ಹಿಡಿಸುವಷ್ಟು ಸೀಳೊಂದು ಮಾತ್ರ ಉಳಿದಿರುತ್ತದೆ. ಒಳಗೆ ರೆಕ್ಕೆಯ ಗರಿಗಳು ಉದುರಿ ಅದು ಹಾರಲಾರದ ಸ್ಥಿತಿಗೆ ಬರುತ್ತದೆ. ವಾರಗಟ್ಟಲೆ, ತಿಂಗಳುಗಟ್ಟಲೆ, ಗಂಡು ಹಕ್ಕಿ ಅತ್ತಿ, ಬಸರಿ, ಆಲಗಳ ಹಣ್ಣನ್ನು ಗಂಟಲಲ್ಲಿ ತುಂಬಿಕೊಂಡು ಬಂದು, ಒಂದೊಂದಾಗಿ ಹೊರತೆಗೆದು ಆ ಸೀಳಿನ ಮೂಲಕ ಉಣಿಸುತ್ತದೆ. ಈ ಅವಧಿಯಲ್ಲಿ ಗಂಡು ಬೇಟೆಗಾರನ ಗುಂಡಿಗೆ ಬಲಿಯಾದರೆ ಸಾಯುವುದು ಒಂದು ಹಕ್ಕಿಯಲ್ಲ, ಒಂದು ಸಂಸಾರ.

ಬೊಂಬಾಯಿಯ ನೈಸರ್ಗಿಕ ಇತಿಹಾಸ ಸಂಘ 1883ರಲ್ಲಿ ಹುಟ್ಟಿದ್ದು. ನಮ್ಮ ಕಾರವಾರದಿಂದ ಅಲ್ಲಿಗೆ ಹೋದ ಒಂದು ದಾಸ ಮಂಗಟ್ಟೆ 1894ರಿಂದ 1920ರ ತನಕ ಸಂಘದ ಕಚೇರಿಯಲ್ಲಿಯೇ ವಾಸವಾಗಿತ್ತು. ಅದಕ್ಕೆ ವಿಲಿಯಂ ಎಂದು ಹೆಸರು. ಅದರ ನೆನಪಿಗೆ ಸಂಘ ಮಂಗಟ್ಟೆಯನ್ನೇ ತನ್ನ ಲಾಂಛನವಾಗಿ ಇಟ್ಟುಕೊಂಡಿತು. ಕನ್ನಡನಾಡಿನ ಹಕ್ಕಿಯೊಂದು ಇಷ್ಟು ದೊಡ್ಡ ಗೌರವಕ್ಕೆ ಪಾತ್ರವಾದ ಸಂಗತಿ ನಮ್ಮ ಮಕ್ಕಳಿಗೆ ತಿಳಿದಿರಬೇಕು. ದಾಸ ಮಂಗಟ್ಟೆಯೂ ಮಲೆ ಮಂಗಟ್ಟೆಯೂ ಇಂದು ಅಪಾಯಕ್ಕೆ ಸಿಲುಕಿದ ಪಕ್ಷಿಗಳ ಪಟ್ಟಿಯಲ್ಲಿವೆ.

ಕಣ್ಣೆದುರಿದ್ದರೂ ಕಾಣದವರು

ಇನ್ನು ಮೂರನೆಯ ಬಗೆಯ ವಿರಳರು. ಇವರಲ್ಲಿ ಅಗ್ರಪೂಜೆ ಸಲ್ಲಬೇಕಾದ್ದು ಕಪ್ಪೆಬಾಯಿ ಹಕ್ಕಿಗೆ. ಪಶ್ಚಿಮಘಟ್ಟ ಮತ್ತು ಶ್ರೀಲಂಕಾಗಳಲ್ಲಿ ಮಾತ್ರ ಇರುವ ಈ ನಿಶಾಚರಿ ಹಗಲೆಲ್ಲ ಬಳ್ಳಿಗಳ ಹೆಣಿಗೆಯ ನಡುವೆ ಒಂದು ಕೊಂಬೆಯ ಮೇಲೆ ಅಲುಗಾಡದೆ ಕೂತಿರುತ್ತದೆ. ಗಂಡು ಬೂದುಬಣ್ಣ, ಹೆಣ್ಣು ಕೆಂಗಂದು. ಯಾರಾದರೂ ಸಮೀಪಿಸಿದರೆ ಹಾರಿಹೋಗುವ ಬದಲು ಕೊಕ್ಕನ್ನು ಮೇಲಕ್ಕೆತ್ತಿ, ಕಣ್ಣನ್ನು ಮುಚ್ಚಿದಂತೆ ಮಾಡಿ, ಮುರಿದುಳಿದ ಒಣಕೊಂಬೆಯ ಮೋಟಿನಂತೆ ಸೆಟೆದು ನಿಲ್ಲುತ್ತದೆ. ಎರಡು ಮಾರು ದೂರದಲ್ಲಿ ಹಾದುಹೋದರೂ ಸೊಪ್ಪು ತರಲು ಬಂದವನಿಗೆ ಅದು ಕಾಣದು. ಇದನ್ನು ಬಹುಕಾಲ ಅತಿ ವಿರಳವೆಂದೇ ಎಣಿಸಿದ್ದರು. ರಾತ್ರಿಯ ಅದರ ಕೂಗನ್ನು ಗುರುತಿಸಲು ಕಲಿತ ಮೇಲೆ, ಎಣಿಸಿದ್ದಕ್ಕಿಂತ ಹೆಚ್ಚು ಕಡೆಗಳಲ್ಲಿ ಅದು ಇರುವುದು ಗೊತ್ತಾಯಿತು.

ಕಪ್ಪೆಬಾಯಿಯ ಗೂಡು ಪಾಚಿ, ಕಲ್ಲುಹೂವು, ತನ್ನದೇ ಮೈಯ ತುಪ್ಪಳಗಳಿಂದ ಮಾಡಿದ ಅಂಗೈಗಿಂತಲೂ ಚಿಕ್ಕದಾದ ಒಂದು ಮೆತ್ತೆ. ಅದರ ಮೇಲೆ ಒಂದೇ ಒಂದು ಬಿಳಿಯ ಮೊಟ್ಟೆ. ಹಗಲಿನಲ್ಲಿ ಕಾವು ಕೊಡುವ ಭಾರ ಗಂಡಿನದು. ವರ್ಷಕ್ಕೊಂದು ಮೊಟ್ಟೆಯನ್ನು ನಂಬಿ ಬದುಕುವ ಜೀವಿಗೆ ಒಂದು ಕೊಂಬೆಯ ನಷ್ಟವೂ ಸಣ್ಣದಲ್ಲ.

ಕಾಕರಣೆ ಹಕ್ಕಿ ಇನ್ನೊಬ್ಬ ಮರೆಗಾರ. ಗಂಡಿನ ತಲೆ ಮತ್ತು ಕೊರಳು ಕಪ್ಪು. ಎದೆಯ ಮೇಲೆ ಬಿಳಿಯ ಪಟ್ಟಿ. ಅದರ ಕೆಳಗೆ ಕುಂಕುಮವನ್ನು ಕಲಸಿ ಬಳಿದಂಥ ಹೊಟ್ಟೆ. ಇಷ್ಟು ಬಣ್ಣವುಳ್ಳ ಹಕ್ಕಿ ಮರೆಯಾಗಿರುವುದು ಹೇಗೆ? ಮನುಷ್ಯನ ಸುಳಿವು ಹತ್ತಿದೊಡನೆ ಅದು ಮೆಲ್ಲಗೆ ಬೆನ್ನು ತಿರುಗಿಸಿ ಕೂರುತ್ತದೆ. ಬೆನ್ನಿನದು ಒಣಗಿದ ಎಲೆಯ ಬಣ್ಣ. ಅಲ್ಲಿಗೆ ಕೆಂಪು ಮಾಯ. ಗೂಡಿಗೆ ಇದು ಆರಿಸಿಕೊಳ್ಳುವುದು ಕೊಳೆತು ಮೆತ್ತಗಾದ ಮರದ ಮೋಟನ್ನು. ಅಚ್ಚುಕಟ್ಟಿನ ಹೆಸರಿನಲ್ಲಿ ಒಣಮರಗಳನ್ನೆಲ್ಲ ಸೌದೆಗೆ ಕಡಿದ ಕಾಡಿನಲ್ಲಿ ಕಾಕರಣೆಗೆ ಮನೆಯಿಲ್ಲ.

ಮಳೆಯೊಡನೆ ಮರಿಮಾಡುವ ರತ್ನ

ಶೃಂಗೇರಿಯ ಸಮೀಪದ ಕಿಗ್ಗದಲ್ಲಿ ಋಷ್ಯಶೃಂಗನ ಗುಡಿಯಿದೆ. ಮಳೆ ತರಿಸಿದ ಆ ಋಷಿಯಲ್ಲಿ ಮಳೆಗಾಗಿ ಪ್ರಾರ್ಥಿಸುವುದು ಹಿಂದಿನಿಂದ ಬಂದ ರೂಢಿ. ಮಳೆ ಬಂತೆಂದರೆ ಬಹುತೇಕ ಹಕ್ಕಿಗಳು ಗೂಡಿನ ಕೆಲಸವನ್ನು ಮುಗಿಸಿಬಿಟ್ಟಿರುತ್ತವೆ. ಆದರೆ ಆರಿದ್ರೆ ಪುನರ್ವಸುಗಳ ಜಡಿಮಳೆಯಲ್ಲಿಯೇ ಸಂಸಾರ ಹೂಡುವ ಧೀರನೊಬ್ಬನುಂಟು: ಮೂರು ಬೆರಳಿನ ಕಿರುಮಿಂಚುಳ್ಳಿ. ಗುಬ್ಬಿಗಿಂತಲೂ ಹಿರಿದಲ್ಲದ ಮೈ. ಹವಳದ ಕೊಕ್ಕು, ಹಳದಿಯ ಎದೆ, ಊದಾ ಛಾಯೆಯ ತಲೆ, ಕಡುನೀಲಿ ರೆಕ್ಕೆ. ಅಕ್ಕಸಾಲಿಗ ತನ್ನ ಪೆಟ್ಟಿಗೆಯ ಹರಳುಗಳನ್ನೆಲ್ಲ ಒಂದೇ ಪದಕಕ್ಕೆ ಕೂರಿಸಿದಂತೆ!

ಕಾಡಿನ ತೊರೆಯ ಬದಿಯ ಮಣ್ಣಿನ ದರೆಯಲ್ಲಿ ಬಿಲ ಕೊರೆದು ಇದು ಮೊಟ್ಟೆಯಿಡುತ್ತದೆ. ಒಣಗಿ ಗಟ್ಟಿಯಾದ ಮಣ್ಣಿಗಿಂತ ಮಳೆಗೆ ನೆನೆದ ಮಣ್ಣನ್ನು ಅಗೆಯುವುದು ಈ ಪುಟ್ಟ ಕೊಕ್ಕಿಗೆ ಸುಲಭ. ಮರಿಗಳಿಗೆ ಬೇಕಾದ ಕಪ್ಪೆ, ಏಡಿ, ಹುಳುಗಳು ಹೇರಳವಾಗಿರುವುದೂ ಮಳೆಯಲ್ಲೇ. ಆದರೆ ರಸ್ತೆಯನ್ನು ಅಗಲಿಸಲೆಂದು ಮಳೆಗಾಲದಲ್ಲಿ ಯಂತ್ರದಿಂದ ದರೆಯನ್ನು ಕೆತ್ತಿದಾಗ ಯಾರ ಮನೆ ಹೋಯಿತೆಂಬುದನ್ನು ಕೇಳುವವರಿಲ್ಲ.

ದೂರದ ನೆಂಟರು

ಆಶ್ವಯುಜ ಕಳೆದು ಮುಂಗಾರು ಹಿಂದೆಗೆದ ಮೇಲೆ ಅತಿಥಿಗಳ ಸರದಿ. ನವರಂಗ ಎಂಬ ಚೆಲುವಾದ ಕನ್ನಡ ಹೆಸರಿನ ಹಕ್ಕಿ ಹಿಮಾಲಯದ ಅಡಿಬೆಟ್ಟಗಳಲ್ಲಿಯೂ ಮಧ್ಯಭಾರತದ ಕಾಡುಗಳಲ್ಲಿಯೂ ಮರಿಮಾಡಿ ಚಳಿಗಾಲಕ್ಕೆ ದಕ್ಷಿಣಕ್ಕಿಳಿಯುತ್ತದೆ. ಬಾಲವಿದೆಯೋ ಇಲ್ಲವೋ ಎಂಬಂಥ ಮೋಟು ಮೈಯ ಈ ಹಕ್ಕಿ ರಾತ್ರಿಯಲ್ಲಿ ಪ್ರಯಾಣ ಮಾಡುತ್ತದೆ. ದಣಿದು ದಾರಿತಪ್ಪಿ ಊರಿನ ಮನೆಗಳ ಹಿತ್ತಲಿನಲ್ಲಿ ಬಿದ್ದು ಸಿಕ್ಕಿರುವುದೂ ಉಂಟು. ತರಗೆಲೆಗಳನ್ನು ಕೆದಕಿ ಹುಳು ಹೆಕ್ಕುತ್ತ, ಹೆಚ್ಚಾಗಿ ಮುಂಜಾನೆ ಮತ್ತು ಮುಸ್ಸಂಜೆಗಳಲ್ಲಿ ಎರಡೇ ಸ್ವರದ ಸಿಳ್ಳು ಹಾಕುತ್ತದೆ. ಅದರಿಂದಲೇ ತಮಿಳರು ಇದನ್ನು ಆರುಗಂಟೆಯ ಹಕ್ಕಿ ಎಂದು ಕರೆದಿದ್ದಾರೆ.

ಕಾಡು ಸಿಪಿಲೆ ಇನ್ನೂ ದೂರದ ನೆಂಟ. ಕೊರಿಯ, ಚೀನ, ಸೈಬೀರಿಯದ ಪೂರ್ವಭಾಗಗಳಲ್ಲಿ ಹುಟ್ಟಿ ಬೆಳೆದು, ಚಳಿಗಾಲಕ್ಕೆ ನಮ್ಮ ಕಾಫಿ ತೋಟದ ಕಾಲುದಾರಿಗೆ ಬರುತ್ತದೆ. ಉಳಿದ ಸಿಪಿಲೆಗಳು ಬಾಲವನ್ನು ಮೇಲಕ್ಕೂ ಕೆಳಕ್ಕೂ ಕುಣಿಸಿದರೆ ಇದೊಂದು ಮಾತ್ರ ಮೈಯನ್ನೇ ಎಡಕ್ಕೂ ಬಲಕ್ಕೂ ತೂಗುತ್ತದೆ. ಗುರುತು ಹಿಡಿಯಲು ಅಷ್ಟು ಸಾಕು. ಅಂಗೈಯಲ್ಲಿ ಹಿಡಿಸುವ ಈ ಜೀವ ಯಾವ ನಕ್ಷೆಯೂ ಇಲ್ಲದೆ ಇಷ್ಟು ದೂರ ಬಂದು ತೋಟದ ನೆರಳನ್ನು ಸೇರಿಕೊಳ್ಳುತ್ತದಲ್ಲ, ಇದಕ್ಕಿಂತ ದೊಡ್ಡ ಸೋಜಿಗ ಬೇರೆ ಬೇಕೆ?

ಬರೆದಿಟ್ಟವರು

ನಮ್ಮ ಹಳೆಯ ಕಾವ್ಯಗಳಲ್ಲಿ ಹಂಸ, ಚಕೋರ, ಚಾತಕ, ಗಿಳಿ, ಕೋಗಿಲೆಗಳಿಗೆ ಇರುವ ಸ್ಥಾನ ಮಂಗಟ್ಟೆಗಾಗಲಿ ಕಾಕರಣೆಗಾಗಲಿ ಇಲ್ಲ. ಕವಿಸಮಯದ ಹಕ್ಕಿಗಳು ಬೇರೆ, ಕಾಡಿನ ಹಕ್ಕಿಗಳು ಬೇರೆ ಎಂಬುದನ್ನು ಕನ್ನಡ ಪಾಠ ಹೇಳುವವರೆಲ್ಲ ಬಲ್ಲರು. ಈ ಅಂತರವನ್ನು ಕಳೆದವರು ಕುವೆಂಪು. ಅವರು 1904ರಲ್ಲಿ ಜನಿಸಿದ್ದು ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ. ಕಾಜಾಣ, ಕಾಮಳ್ಳಿ, ಪಿಕಳಾರ, ಮಡಿವಾಳಗಳಂಥ ಮಲೆನಾಡಿಗರ ಬಾಯಿನ ಹೆಸರುಗಳು ಅವರಿಂದ ಸಾಹಿತ್ಯದ ಪಂಕ್ತಿಯಲ್ಲಿ ಎಲೆ ಹಾಕಿಸಿಕೊಂಡುವು. ತಮ್ಮ ಒಂದು ಕವನಸಂಗ್ರಹಕ್ಕೆ ಅವರಿಟ್ಟ ಹೆಸರೇ ‘ಪಕ್ಷಿಕಾಶಿ’. ಅವರ ಮಗ ಪೂರ್ಣಚಂದ್ರ ತೇಜಸ್ವಿಯವರು ಇದೇ ಜಿಲ್ಲೆಯ ಮೂಡಿಗೆರೆಯಲ್ಲಿ ತೋಟ ಮಾಡಿಕೊಂಡು, ಕ್ಯಾಮರಾ ಹಿಡಿದು ಹಕ್ಕಿಗಳ ಹಿಂದೆ ಅಲೆದು, ‘ಕನ್ನಡ ನಾಡಿನ ಹಕ್ಕಿಗಳು’ ಎಂಬ ಗ್ರಂಥವನ್ನು ಕೊಟ್ಟರು. 2007ರಲ್ಲಿ ಅವರು ತೀರಿಕೊಂಡರು. ಅವರ ಪುಸ್ತಕಗಳನ್ನು ಓದಿ ದುರ್ಬೀನು ಕೊಂಡ ಕನ್ನಡ ತರುಣರು ಅನೇಕರು.

ವಿಜ್ಞಾನದ ಕಡೆಯಿಂದ ನೋಡಿದರೆ, ಮದರಾಸಿನ ಸೈನ್ಯದಲ್ಲಿ ವೈದ್ಯನಾಗಿದ್ದ ಜೆರ್ಡನ್ 1862–64ರಲ್ಲಿ ಭಾರತದ ಪಕ್ಷಿಗಳನ್ನು ಕುರಿತ ತನ್ನ ಗ್ರಂಥವನ್ನು ಪ್ರಕಟಿಸಿದ. ಮೈಸೂರು ಸಂಸ್ಥಾನದ ಪಕ್ಷಿಗಳ ಸಮೀಕ್ಷೆಯನ್ನು 1939–40ರಲ್ಲಿ ನಡೆಸಿದವರು ಸಾಲಿಂ ಅಲಿ. ಅದರ ವರದಿ 1942–43ರಲ್ಲಿ ಬೊಂಬಾಯಿ ಸಂಘದ ಪತ್ರಿಕೆಯಲ್ಲಿ ಕಂತುಕಂತಾಗಿ ಹೊರಬಂತು. ಇಂದು ಈ ಕೆಲಸಕ್ಕೆ ಸಮೀಕ್ಷಕರೇ ಬೇಕಾಗಿಲ್ಲ. ಯಾರು ಬೇಕಾದರೂ ತಾವು ಕಂಡ ಹಕ್ಕಿಯನ್ನು ದಿನ, ಸ್ಥಳ, ಸಂಖ್ಯೆಗಳೊಡನೆ ಇ-ಬರ್ಡ್ ಎಂಬ ಜಾಗತಿಕ ಪಟ್ಟಿಗೆ ಸೇರಿಸಬಹುದು. ಹೀಗೆ ಸಾಮಾನ್ಯ ಜನರು ಕೊಟ್ಟ ಲೆಕ್ಕಗಳ ಆಧಾರದ ಮೇಲೆಯೇ 2023ರಲ್ಲಿ ಭಾರತದ ಪಕ್ಷಿಗಳ ಸ್ಥಿತಿಗತಿಯ ವರದಿ ಹೊರಬಂತು. ಅದರಲ್ಲಿ ಪರಿಶೀಲಿಸಿದ 942 ಜಾತಿಗಳಲ್ಲಿ 178ನ್ನು ತುರ್ತಾಗಿ ಗಮನ ಕೊಡಬೇಕಾದವೆಂದು ಗುರುತಿಸಿದ್ದಾರೆ.

ನೆರಳಿನ ಪ್ರಶ್ನೆ

ಹಕ್ಕಿಯ ಮಾತು ಕಡೆಗೆ ಬಂದು ನಿಲ್ಲುವುದು ಮರದ ಬಳಿ. ಬಾಳೆಹೊನ್ನೂರಿನ ಸಮೀಪ 1925ರಲ್ಲಿ ಸ್ಥಾಪಿತವಾದ ಕಾಫಿ ಸಂಶೋಧನಾ ಕೇಂದ್ರವಿದೆ; ಕಾಫಿ ಈ ಸೀಮೆಯ ಜೀವಾಳ. ಅರೇಬಿಕಾ ಕಾಫಿಗೆ ದಟ್ಟವಾದ ನೆರಳು ಬೇಕು. ಆದುದರಿಂದ ಹಿಂದಿನವರು ಕಾಡನ್ನು ಪೂರ್ತಿ ಕಡಿಯದೆ, ಅತ್ತಿ, ಬಸರಿ, ಹಲಸು, ನಂದಿ, ಮತ್ತಿಗಳನ್ನು ಉಳಿಸಿ ಅವುಗಳ ಅಡಿಯಲ್ಲಿ ಗಿಡ ನೆಟ್ಟರು. ಹಾಗೆ ಉಳಿದ ಮರಗಳೇ ಮಂಗಟ್ಟೆಗೆ ಊಟದ ಮನೆ, ಕಾಡು ಸಿಪಿಲೆಗೆ ಚಾವಡಿ. ರೋಬಸ್ಟಾ ಕಾಫಿಗೆ ಅಷ್ಟು ನೆರಳು ಬೇಡ. ಮೇಲಾಗಿ ಆಸ್ಟ್ರೇಲಿಯದಿಂದ ಬಂದ ಸಿಲ್ವರ್ ಓಕ್ ಬೇಗ ಬೆಳೆಯುತ್ತದೆ, ಮೆಣಸಿನ ಬಳ್ಳಿ ಹಬ್ಬಲು ಅನುಕೂಲ, ಕಡಿದು ಮಾರಿದರೆ ಹಣ. ಆದರೆ ಅದರಲ್ಲಿ ಮಂಗಟ್ಟೆ ತಿನ್ನುವ ಹಣ್ಣಿಲ್ಲ, ಗೂಡು ಮಾಡುವ ಪೊಟರೆಯೂ ಇಲ್ಲ.

ಇದಕ್ಕೆ ತೋಟಗಾರನನ್ನು ದೂರುವುದು ಸುಲಭ, ನ್ಯಾಯವಲ್ಲ. ಶೃಂಗೇರಿ, ಕೊಪ್ಪಗಳ ಅಡಕೆ ತೋಟಗಳಿಗೆ ಹಳದಿ ಎಲೆ ರೋಗ ಹಿಡಿದು ದಶಕಗಳೇ ಕಳೆದಿವೆ. ಅದರ ಮೇಲೆ ಈಚಿನ ವರ್ಷಗಳಲ್ಲಿ ಎಲೆಚುಕ್ಕೆ ರೋಗ. ಅಜ್ಜ ನೆಟ್ಟ ತೋಟ ಕಣ್ಣೆದುರಿಗೆ ಸೊರಗುತ್ತಿರುವಾಗ, ಮಗಳ ಮದುವೆಗೋ ಮಗನ ಕಾಲೇಜಿಗೋ ಹಣ ಹೊಂದಿಸಬೇಕಾದ ಯಜಮಾನನಿಗೆ ಹಿತ್ತಲಿನ ಹಲಸಿನ ಮರ ನಾಟಾ ಆಗಿ ಕಂಡರೆ ಆಶ್ಚರ್ಯವೇನು? ರಾಷ್ಟ್ರೀಯ ಉದ್ಯಾನದೊಳಗೆ ಮನೆಯಿರುವವರಿಗೆ, ನಾಳೆ ಒಕ್ಕಲೆಬ್ಬಿಸುತ್ತಾರೋ ಏನೋ ಎಂಬ ಅಂಜಿಕೆಯ ನಡುವೆ, ಹಕ್ಕಿಯ ಹೊಗಳಿಕೆ ಇಂಪಾಗಿ ಕೇಳುವುದಿಲ್ಲ. ಪಟ್ಟಣದಲ್ಲಿ ಕುಳಿತು ಕಾಡನ್ನು ಉಳಿಸಿರಿ ಎನ್ನುವವರು ಈ ಕಷ್ಟವನ್ನು ಮೊದಲು ಅರಿಯಬೇಕು.

ಹಾಗೆಯೇ ಮಂಗಟ್ಟೆಯ ಉಪಕಾರವನ್ನು ಮಲೆನಾಡಿಗರೂ ಅರಿಯಬೇಕು. ರಾಂಪತ್ರೆಯಂಥ ಕಾಡಿನ ಮರಗಳ ದೊಡ್ಡ ಬೀಜಗಳನ್ನು ಸಣ್ಣ ಹಕ್ಕಿಗಳು ನುಂಗಲಾರವು. ಅವನ್ನು ನುಂಗಿ, ತಿರುಳನ್ನು ಅರಗಿಸಿಕೊಂಡು, ಬೀಜವನ್ನು ತಾಯಿಮರದಿಂದ ದೂರ ಒಯ್ದು ಉದುರಿಸುವ ಕೆಲಸವನ್ನು ಮಂಗಟ್ಟೆಯೂ ಕಾಡುಪಾರಿವಾಳಗಳೂ ಮಾಡುತ್ತವೆ. ಸಂಬಳವಿಲ್ಲದೆ ಕಾಡು ನೆಡುವ ಆಳು ಅದು. ರಾಂಪತ್ರೆಗೆ ಬೆಲೆ ಬಂದ ವರ್ಷ ಮರದಲ್ಲೊಂದು ಕಾಯಿಯನ್ನೂ ಬಿಡದೆ ಕೊಯ್ದರೆ ಹಕ್ಕಿಗೆ ಹಸಿವು. ನಾಳಿನ ಕಾಡಿಗೆ ಬೀಜವಿಲ್ಲ. ಕಾಡು ತೆಳುವಾದರೆ ಬೇಸಗೆಯಲ್ಲಿ ತೊರೆ ಬತ್ತುತ್ತದೆ. ತೊರೆ ಬತ್ತಿದರೆ ತೋಟಕ್ಕೆ ನೀರೆಲ್ಲಿ?

ಶೃಂಗೇರಿಯ ಘಟ್ಟದ ಮುಂದೆ ತುಂಗೆಯ ಮೀನುಗಳಿಗೆ ಬಲೆ ಬೀಸುವವರಿಲ್ಲ. ದೇವರಕಾಡಿನಲ್ಲಿಯೂ ನಾಗಬನದಲ್ಲಿಯೂ ಕೊಡಲಿ ಎತ್ತುವವರಿಲ್ಲ. ಕಾನೂನು ಬರುವುದಕ್ಕೆ ಎಷ್ಟೋ ಮುಂಚೆ ನಮ್ಮ ಹಿರಿಯರು ಭಕ್ತಿಯ ಬೇಲಿಯಿಂದಲೇ ಇವನ್ನು ಕಾಪಾಡಿದರು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬೇಟೆಯ ಕೋವಿಯನ್ನು ತಡೆಯಬಲ್ಲುದು. ಹಣ್ಣಿನ ಮರವನ್ನು ನೆಡಿಸಲಾರದು. ಪ್ರತಿಯೊಂದು ತೋಟದಲ್ಲಿಯೂ ಒಂದು ಅತ್ತಿ, ಒಂದು ಬಸರಿ, ಪೊಟರೆಯಿರುವ ಒಂದು ಮುದಿಮರವನ್ನು ಮಂಗಟ್ಟೆಯ ಪಾಲೆಂದು ಬಿಟ್ಟುಕೊಟ್ಟರೆ ತೋಟಗಾರನಿಗೆ ತೀರ ನಷ್ಟವಾಗದು. ಅಂಥ ನೆರಳಿನಡಿ ಬೆಳೆದ ಕಾಫಿಗೆ ನಾಲ್ಕು ಕಾಸು ಹೆಚ್ಚು ಕೊಟ್ಟು ಕೊಳ್ಳುವುದು ಪಟ್ಟಣಿಗರು ಸಲ್ಲಿಸಬಹುದಾದ ಪಾಲು.

ಹೋಗುವವರಿಗೆ ಎರಡು ಮಾತು

ಮುಂದಿನ ಸಲ ಈ ಕಡೆ ಹೋಗುವಾಗ ಚೀಲದಲ್ಲಿ ಒಂದು ದುರ್ಬೀನನ್ನೂ ಮಕ್ಕಳ ಕೈಗೆ ಒಂದು ನೋಟುಪುಸ್ತಕವನ್ನೂ ಕೊಡಿರಿ. ಮಾಘದಿಂದ ವೈಶಾಖದವರೆಗೆ ಮಂಗಟ್ಟೆ ಮತ್ತು ರೀವಗಳ ಕಾಲ. ಕಾರ್ತಿಕದಿಂದ ಫಾಲ್ಗುಣದವರೆಗೆ ನವರಂಗ, ಕಾಡು ಸಿಪಿಲೆಗಳ ಕಾಲ. ಸೂರ್ಯೋದಯದಿಂದ ಒಂದೆರಡು ಗಂಟೆಯೊಳಗೆ ನೋಡಬೇಕು. ಬಿಸಿಲೇರಿದ ಮೇಲೆ ಹಕ್ಕಿಯೂ ನಮ್ಮಂತೆಯೇ ನೆರಳು ಹುಡುಕುತ್ತದೆ. ಹಣ್ಣುಬಿಟ್ಟ ಅತ್ತಿಯ ಮರವೊಂದನ್ನು ಗುರುತಿಸಿಕೊಂಡು ದೂರದಲ್ಲಿ ಸುಮ್ಮನೆ ಕುಳಿತರೆ, ಕಾಡೆಲ್ಲ ಅಲೆಯುವುದಕ್ಕಿಂತ ಹೆಚ್ಚು ಹಕ್ಕಿಗಳು ಕಂಡಾವು. ಗೂಡಿನ ಹತ್ತಿರ ಸುಳಿಯಬಾರದು. ರೀವಗಳ ನಡುಗಡ್ಡೆಯ ಮೇಲೆ ಕಾಲಿಡಬಾರದು. ಪೇಟೆಯ ಹುಡುಗರು ಫೋನಿನಲ್ಲಿ ಹಕ್ಕಿಯ ಕೂಗನ್ನು ಹಾಕಿ ಅದನ್ನು ಹೊರಗೆಳೆದು ಚಿತ್ರ ತೆಗೆಯುವುದುಂಟು. ಮರಿಗಳನ್ನು ಬಿಟ್ಟು ಇಲ್ಲದ ಶತ್ರುವಿನೊಡನೆ ಕಾದಾಡಲು ಬರುವ ತಾಯಿಗೆ ಆ ವಿನೋದ ದುಬಾರಿಯಾದದ್ದು.

ಕಂಡ ಹಕ್ಕಿಗೆ ಕನ್ನಡದ ಹೆಸರೇನೆಂದು ಅಲ್ಲಿಯ ಹಿರಿಯರೊಬ್ಬರನ್ನು ಕೇಳಿರಿ. ತೋಟದ ಆಳುಗಳಿಗೂ, ದನ ಕಾಯುವ ಮುದುಕರಿಗೂ, ಹಿತ್ತಲಿನಲ್ಲಿ ಬಾಳು ಸವೆಸಿದ ಅಜ್ಜಿಯರಿಗೂ ತಿಳಿದಿರುವ ಎಷ್ಟೋ ಹೆಸರುಗಳು ಇನ್ನೂ ಯಾವ ನಿಘಂಟನ್ನೂ ಸೇರಿಲ್ಲ. ಹಕ್ಕಿ ಹೋದರೆ ಕಾಡಿಗೆ ನಷ್ಟ. ಹೆಸರು ಹೋದರೆ ನುಡಿಗೆ ನಷ್ಟ. ಎರಡನ್ನೂ ಬರೆದಿಟ್ಟುಕೊಳ್ಳುವ ಕೆಲಸಕ್ಕೆ ಒಂದು ಸೀಸದಕಡ್ಡಿ ಸಾಕು.